ಮರುಭೂಮಿಯ ಕಪ್ಪೆ, ಬೆಟಗೇರಿಯ ಬಣ್ಣ

ಬೆಟಗೇರಿ

ಕಪ್ಪೆ ನೋಡಲು ಆಸ್ಟ್ರೇಲಿಯಾಕ್ಕೆ ಹೊರಟಿದ್ದೇನೆ ಎಂದಾಗ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. ಎಂಬತ್ತರ ದಶಕ ಆಗಷ್ಟೇ ಹೊಸ್ತಿಲು ದಾಟಿತ್ತು. ನಾನು ಗದಗಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮುಂಡರಗಿ ಕಡೆಯ ಎರೆಹೊಲಗಳಲ್ಲಿ ಮೊದಲ ಮಳೆಗೆ ನೆಲ ಸೀಳಿಕೊಂಡು ಏಳುವ ಕಪ್ಪೆಗಳ ಬಗ್ಗೆ ಒಂದೆರಡು ಲೇಖನ ಬರೆದಿದ್ದೆ. ಅವನ್ನು ಓದಿದ ಅಲ್ಲಿನ ಪ್ರೊಫೆಸರರೊಬ್ಬರು ಒಂದು ಬೇಸಿಗೆಯ ಮಟ್ಟಿಗೆ ನನ್ನನ್ನು ಕರೆದಿದ್ದರು. ಕಾವು ಏರಿದಂತೆ ಮರುಭೂಮಿಯ ಕಪ್ಪೆ ಹೇಗೆ ಕುಪ್ಪಳಿಸುತ್ತದೆ, ಎಲ್ಲಿಯವರೆಗೆ ತಾಳಿಕೊಳ್ಳುತ್ತದೆ ಎಂದು ಅಳೆಯುವುದು ಕೆಲಸ.

"ಕಪ್ಪಿ ನೋಡಾಕ ಸಮುದ್ರ ದಾಟಬೇಕೇನ? ಯಳವತ್ತಿ ಹೊಲದಾಗ ಕಾಲಿಟ್ಟಲ್ಲಿ ಕಪ್ಪಿ ಅದಾವು" ಎಂದಳು ಅವ್ವ.

"ಅವು ಬ್ಯಾರೆ ಕಪ್ಪಿ ಅವ್ವಾ. ಮಳಿ ಬರದಿದ್ರ ವರ್ಷಗಟ್ಟಲೆ ನೆಲದಾಗ ಮಲಗಿಬಿಡತಾವು."

"ನಮ್ಮ ಓಣಿ ನಳಾನೂ ಹಂಗ ಮಲಗತೈತಿ. ಅದನ್ನ ನೋಡಾಕ ಯಾವ ದೇಶದವರೂ ಬರವಲ್ರು."

ಅವ್ವನ ಬಗ್ಗೆ ಎರಡು ಮಾತು ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ, ಅದುವರೆಗೆ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಂಡಿದ್ದ ಅವಳು ತಾನೇ ಕುಣಿಮಗ್ಗಕ್ಕೆ ಇಳಿದಳು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಬಿಟ್ಟು ಕೂತು ನೇಯುವ ಮಗ್ಗ ಅದು. ನನ್ನನ್ನು ಎಂ.ಎಸ್ಸಿ. ತನಕ ಓದಿಸಿದ್ದು ಅದೇ ಕುಣಿ. ಬೇಸಿಗೆಯ ಒಣಗಾಳಿಗೆ ಹಾಸಿನ ಎಳೆಗಳು ಪಟಪಟ ಹರಿಯುತ್ತವೆ. ಅದಕ್ಕೆ ಬೆಟಗೇರಿಯಲ್ಲಿ ಮಧ್ಯಾಹ್ನವಾದರೆ ಮಗ್ಗದ ಕೋಣೆಯ ಕಿಟಕಿಗೆ ಒಂದು ಹಸಿ ಸೀರೆ ಕಟ್ಟುತ್ತಾರೆ. ಬಿಸಿಗಾಳಿ ಅದರೊಳಗಿಂದ ತಂಪಾಗಿ ಬರುತ್ತದೆ, ನೂಲು ಮೆತ್ತಗಿರುತ್ತದೆ. ನೂಲಿಗೆ ಮಾಡಿದ ಉಪಚಾರದಲ್ಲಿ ಮಕ್ಕಳಿಗೂ ಪಾಲು ಸಿಗುತ್ತಿತ್ತು. ನನ್ನ ಪರೀಕ್ಷೆಗಳನ್ನೆಲ್ಲ ನಾನು ಆ ಕಿಟಕಿಯ ಕೆಳಗೇ ಓದಿದ್ದು.

ಹೊರಡುವ ಮುಂಚೆ ಅವ್ವ ತಾನು ನೇಯ್ದ ಒಂದು ದಪ್ಪ ಸೀರೆಯನ್ನು ಪೆಟ್ಟಿಗೆಗೆ ತುರುಕಿದಳು. ಅಚ್ಚ ಕುಂಕುಮದ ಕೆಂಪು. ಅದರ ನೂಲಿಗೆ ಬಣ್ಣ ಹಾಕಿದ ಹುಸೇನಸಾಬ ನಮ್ಮ ಹಿಂದಿನ ಓಣಿಯವನು. ಅವನೂ ಬಂದು ಬಾಗಿಲಲ್ಲಿ ನಿಂತಿದ್ದ.

"ಅಕ್ಕಾರ, ಅಲ್ಲಿ ಯಾರರ ಕೇಳಿದ್ರ ಹೇಳ್ರಿ. ಈ ಬಣ್ಣ ಕುದಿಯೂ ನೀರಾಗ ಹಾಕಿದ್ರೂ ಬಿಡೂದಿಲ್ಲ. ಬಿಟ್ಟರ ನನ್ನ ಹೆಸರು ಹೋತು."

ಆ ದೇಶದಲ್ಲಿ ನನ್ನ ಸೀರೆಯ ಬಣ್ಣ ಯಾರು ಕೇಳುತ್ತಾರೆ ಎಂದು ನಾನು ನಕ್ಕೆ.

ಅಡಿಲೇಡ್

ವಿಮಾನ ಇಳಿದ ಕೂಡಲೇ ತನಿಖೆ. ಅಲ್ಲಿ ಹೊರದೇಶದ ಒಂದು ಕಾಳು ಕೂಡ ಒಳಗೆ ಬಿಡುವುದಿಲ್ಲ. ಲಕ್ಷ್ಮೇಶ್ವರದ ಗೆಳತಿ ಕೊಟ್ಟ ಗುರೆಳ್ಳು ಚಟ್ನಿಪುಡಿಯನ್ನು ಅಧಿಕಾರಿ ಮೂಸಿ ನೋಡಿ, ಸೀನಿ, ಕಸದ ಡಬ್ಬಿಗೆ ಎಸೆದ. ಖಡಕ್ ರೊಟ್ಟಿಯ ಕಟ್ಟು ಅವನ ಕೈಗೆ ಬಂದಾಗ ಮಾತ್ರ ಗೊಂದಲಕ್ಕೆ ಬಿದ್ದ. ಬೆರಳಿನಿಂದ ತಟ್ಟಿದ, ಟಕಟಕ ಎಂದಿತು. ಇದು ಯಾವ ಯಂತ್ರದ ಬಿಡಿಭಾಗ ಎಂದು ಕೇಳಿದ. ಊಟ ಎಂದೆ. ನಂಬದೆ ತನ್ನ ಮೇಲಧಿಕಾರಿಯನ್ನು ಕರೆದ. ಅವನೂ ತಟ್ಟಿದ. ನಾನು ಒಂದು ರೊಟ್ಟಿ ಮುರಿದು ಅವರ ಎದುರೇ ತಿಂದು ತೋರಿಸಿದೆ. ಮೇಲಧಿಕಾರಿ ಮರುಕದಿಂದ ನೋಡಿ, ಬೇಯಿಸಿದ ಪದಾರ್ಥವಾದ್ದರಿಂದ ಅಡ್ಡಿಯಿಲ್ಲ ಎಂದು ಬಿಟ್ಟುಕೊಟ್ಟ.

ಹೊರಗೆ ಜೂಡಿ ಕಾಯುತ್ತಿದ್ದಳು. ಪ್ರೊಫೆಸರರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ, ನನಗಿಂತ ಚಿಕ್ಕವಳು, ಮೂಗಿನ ತುಂಬ ಬಿಸಿಲಿಗೆ ಸುಲಿದ ಚರ್ಮದ ಸಿಪ್ಪೆ. ಅವಳು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಅದನ್ನು ಗ್ರಂಥದ ಕನ್ನಡಕ್ಕೆ ಇಳಿಸಿದರೆ ಅವಳು ಅವಳಾಗಿ ಉಳಿಯುವುದಿಲ್ಲ. ಆದ್ದರಿಂದ ಅಲ್ಲಿಯವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ಓದುಗರು ತಾಳಿಕೊಳ್ಳಬೇಕು.

"ರೊಟ್ಟಿ ಬ್ಯಾರೆ ತಂದೀರಿ? ಚಲೋ ಆತು" ಎಂದಳು ಜೂಡಿ, ಒಂದನ್ನು ಕಡಿದು. "ನಾವು ಹೋಗೂ ಜಾಗಾದಾಗ ಬ್ರೆಡ್ಡೂ ಎರಡ ದಿನಕ್ಕ ಹಿಂಗ ಆಗತೈತಿ."

ದಾರಿಯುದ್ದಕ್ಕೂ ಜೀಪು ಓಡಿಸುತ್ತ ಅವಳು ತನ್ನ ಕಷ್ಟ ಹೇಳಿದಳು. ಕಾವಿನಲ್ಲಿ ಬಾಳಿದ ಕಪ್ಪೆ ಹೆಚ್ಚು ಕಾವು ತಾಳುತ್ತದೆ, ತಂಪಿನಲ್ಲಿ ಬಾಳಿದ್ದು ಕಡಿಮೆ ತಾಳುತ್ತದೆ, ಎಂದರೆ ತಾಳಿಕೆ ಬದಲಾಗುತ್ತದೆ ಎನ್ನುವುದು ಅವಳ ವಾದ. ಈ ಕಪ್ಪೆಯಲ್ಲಿ ಹಾಗಾಗದು, ತಾಳಿಕೆ ಹುಟ್ಟಿನಿಂದಲೇ ಬಂದದ್ದು ಎನ್ನುವುದು ಪ್ರೊಫೆಸರರ ವಾದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾವು ಹೇಳುವುದನ್ನೇ ಅವರು ಗ್ರಾಫಿನಲ್ಲಿ ಹೇಳುತ್ತಿದ್ದರು. ಹಿಂದಿನ ಎರಡು ಬೇಸಿಗೆಗಳಲ್ಲಿ ಮಳೆಯಿಲ್ಲದೆ ಜೂಡಿಗೆ ಕಪ್ಪೆಗಳೇ ಸಿಕ್ಕಿರಲಿಲ್ಲ. ಈ ಬೇಸಿಗೆಯೂ ಬರಿಗೈಯಾದರೆ ಅವಳ ಓದು ಮುಗಿದಂತೆ.

"ಆಮ್ಯಾಲೆ?" ಎಂದೆ.

"ಆಮ್ಯಾಲೆ ನಮ್ಮೂರಿಗೆ ಹೋಗಿ ಅಪ್ಪನ ಅಂಗಡ್ಯಾಗ ಮೊಳಿ ಮಾರೂದು" ಎಂದಳು. ನಗುತ್ತಾಳೆಂದು ಕಾದೆ, ನಗಲಿಲ್ಲ.

ಕೆಂಪು ನೆಲ

ನಾವು ಮುಟ್ಟಿದ್ದು ಕುರಿ ಸಾಕುವವರು ಬಿಟ್ಟುಹೋದ ಒಂದು ಒಂಟಿ ಮನೆ. ಕಪ್ಪತಗುಡ್ಡದ ಕೆಂಪು ಮಣ್ಣನ್ನು ಯಾರೋ ಹರಡಿ, ಅಲ್ಲಿನ ಗುಡ್ಡವನ್ನೂ ಗಿಡವನ್ನೂ ತೆಗೆದುಬಿಟ್ಟಂತೆ ಕಾಣುತ್ತಿತ್ತು. ಆ ಮನೆಯ ಕಾವಲಿಗೂ ಅಡುಗೆಗೂ ಟೆಡ್ ಎಂಬ ಮುದುಕನಿದ್ದ. ಜೀಪಿನಿಂದ ಇಳಿದಾಗ ಅವನು ದೂರದಿಂದಲೇ ಮುಖದ ಮುಂದೆ ಕೈ ಬೀಸಿದ. ಸ್ವಾಗತವೆಂದುಕೊಂಡು ನಾನು ಕೈ ಮುಗಿದೆ. ಮತ್ತೆ ಬೀಸಿದ, ಮತ್ತೆ ಮುಗಿದೆ. ಅವನು ಓಡಿಸುತ್ತಿದ್ದದ್ದು ನೊಣ ಎಂದು ತಿಳಿಯುವ ಹೊತ್ತಿಗೆ ನನ್ನ ಮುಖಕ್ಕೂ ನೊಣ ಮುತ್ತಿದ್ದವು. ಊರಿಗೆ ಬರುವ ತನಕ ನಾನೂ ಬೀಸುತ್ತಲೇ ಇದ್ದೆ.

ಟೆಡ್‌ಗೆ ಎಲ್ಲದಕ್ಕೂ ಒಂದೇ ಮಾತು. ಬಚ್ಚಲಲ್ಲಿ ಹಾವು ಇದೆ ಎಂದರೆ "ಚಿಂತಿ ಬ್ಯಾಡ." ಜೀಪಿನ ಸ್ಪ್ರಿಂಗಿನ ಪಾಟಾ ಮುರಿದಿದೆ ಎಂದರೆ "ಚಿಂತಿ ಬ್ಯಾಡ." ನಮ್ಮಲ್ಲಿ ಇಷ್ಟು ನಿಶ್ಚಿಂತರಾದವರನ್ನು ಮಠದಲ್ಲಿ ಕೂಡಿಸುತ್ತಾರೆ. ಅಲ್ಲಿ ಅವರು ಆಲೂಗಡ್ಡೆ ಸುಲಿಯುತ್ತಾರೆ.

ಕಪ್ಪೆಗಾಗಿ ನಾವು ಒಣಗಿ ಬಿರಿದ ಕೆರೆಯಂಗಳ ಅಗೆದೆವು. ಸನಿಕೆಗೆ ಮಣ್ಣು ಕಲ್ಲಿನಂತೆ ಬಡಿಯುತ್ತಿತ್ತು. ಮೊಳಕಾಲುದ್ದ ಇಳಿದಾಗ ಹೆಂಟೆಯೊಳಗೆ ಒಂದು ಗುಂಡನೆಯ ಜೀವ. ಮೈಯ ಸುತ್ತ ತೆಳ್ಳಗಿನ ಪೊರೆ, ಥೇಟು ನಮ್ಮ ಉಳ್ಳಾಗಡ್ಡಿ ಸಿಪ್ಪೆ. ಒಳಗೆ ಹೊಟ್ಟೆ ತುಂಬ ನೀರು ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿತ್ತು. ನೀರು ಚಿಮುಕಿಸಿದರೆ ಸಿಪ್ಪೆಯನ್ನು ತಾನೇ ಕಳಚಿ, ಬಾಯಿಗೆ ಹಾಕಿಕೊಂಡು ನುಂಗಿತು. ಅಷ್ಟು ದಿನ ಹೊದ್ದ ಹೊದಿಕೆಯನ್ನು ತಿಂದು ಏಳುವ ಪ್ರಾಣಿಯನ್ನು ಕಂಡು ನನಗೆ ಗೌರವ ಬಂತು. ಅಗೆದು ಅಗೆದು ಅಂಗೈ ಬೊಬ್ಬೆಯೆದ್ದರೂ ಸಿಕ್ಕ ಕಪ್ಪೆಗಳು ಒಂದು ಹೆಡಿಗೆಗೆ ಸಾಲಲಿಲ್ಲ.

ಅರ್ಧವನ್ನು ಕಲ್ಲಿನ ನೆಲಮನೆಯ ತಂಪಿನಲ್ಲಿ ಇಟ್ಟೆವು, ಅರ್ಧವನ್ನು ಬಿಸಿಲಿಗೆ ಕಾಯುವ ತಗಡಿನ ಶೆಡ್ಡಿನಲ್ಲಿ. ಎರಡು ವಾರ ಹಾಗೆ ಬಾಳಿದ ಮೇಲೆ ಪರೀಕ್ಷೆ.

ತೂಕ, ನೆಗೆತ, ಕಾವು

ಕಪ್ಪೆ ತಕ್ಕಡಿ ಎಂಬ ಮಾತನ್ನು ನಮ್ಮಲ್ಲಿ ಒಗ್ಗಟ್ಟಿಲ್ಲದ ಪಂಚಾಯ್ತಿಗಳಿಗೆ ಬಳಸುತ್ತಾರೆ. ನಾನು ಅದನ್ನು ತಕ್ಕಡಿ ಸಮೇತ ಅನುಭವಿಸಿದೆ. ಒಂದನ್ನು ಇಟ್ಟರೆ ಇನ್ನೊಂದು ಜಿಗಿಯಿತು, ಅದನ್ನು ಹಿಡಿಯುವುದರೊಳಗೆ ಮೊದಲಿನದು ಟೆಡ್‌ನ ಹಿಟ್ಟಿನ ಡಬ್ಬಿಯಲ್ಲಿತ್ತು.

ನೆಗೆತ ಅಳೆಯುವುದು ಸುಲಭ. ಹಸಿ ಕಪ್ಪೆಯನ್ನು ಉದ್ದನೆಯ ಕಂದು ಕಾಗದದ ಮೇಲೆ ಬಿಡುವುದು. ಗೋಕುಲಾಷ್ಟಮಿಗೆ ಬಾಗಿಲಿಂದ ದೇವರ ತನಕ ಹೆಜ್ಜೆ ಬಿಡಿಸುತ್ತಾರಲ್ಲ, ಹಾಗೆ ಅದರ ಒದ್ದೆ ಪಾದ ಬಿದ್ದ ಕಡೆ ಆರುವ ಮುಂಚೆ ಪೆನ್ಸಿಲ್ ಗುರುತು ಹಾಕುವುದು. ಮುಂಜಾನೆಯ ತಂಪಿನಲ್ಲಿ ಗಿಡ್ಡ, ಸೋಮಾರಿ ನೆಗೆತ. ಕಾವು ಏರಿದಂತೆ ನೆಗೆತ ಉದ್ದವಾಗುತ್ತಿತ್ತು. ಎಲ್ಲಕ್ಕಿಂತ ಉದ್ದದ ನೆಗೆತವಾದ ಮೇಲೆ ಸ್ವಲ್ಪವೇ ಕಾವು ಏರಿದರೂ ಸಾಕು, ಕಾಲುಗಳು ಒಂದಕ್ಕೊಂದು ತೊಡಕುತ್ತಿದ್ದವು.

ತಾಳಿಕೆಯ ಪರೀಕ್ಷೆ ಕಠಿಣದ್ದು. ಗಾಜಿನ ಪಾತ್ರೆಯಲ್ಲಿ ಕಪ್ಪೆ, ಸುತ್ತ ನಿಧಾನ ಬಿಸಿಯಾಗುವ ನೀರು. ಆಗಾಗ ಕಪ್ಪೆಯನ್ನು ಕಡ್ಡಿಯಿಂದ ಅಂಗಾತ ಮಾಡಬೇಕು. ತಕ್ಷಣ ಹೊರಳಿ ಎದ್ದರೆ ಇನ್ನೂ ತಾಳುತ್ತಿದೆ. ಯಾವಾಗ ಹೊರಳಲು ಆಗುವುದಿಲ್ಲವೋ ಅದೇ ಅದರ ಗಡಿ. ಆ ಕ್ಷಣವೇ ತೆಗೆದು ತಣ್ಣೀರಿಗೆ ಬಿಡಬೇಕು, ಸ್ವಲ್ಪ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ. ತಡವಾದರೆ ಇಲ್ಲ. ಜೂಡಿ ಉಷ್ಣಮಾಪಕದ ಮೇಲೆ ಕಣ್ಣಿಡುತ್ತಿದ್ದಳು, ನಾನು ಕಪ್ಪೆಯ ಮೇಲೆ. ಅಭ್ಯಾಸಕ್ಕೆಂದು ಮಾಡಿದ ಮೊದಲ ಸಲವೇ ಗಾಬರಿಯಲ್ಲಿ ನನ್ನ ಬಾಯಿಂದ ಇಂಗ್ಲಿಷು ಬರಲಿಲ್ಲ. "ಆತು!" ಎಂದು ಕೂಗಿದೆ. ಜೂಡಿಗೆ ತಿಳಿಯಿತು, ಕಪ್ಪೆ ಉಳಿಯಿತು. ಅಂದಿನಿಂದ ಅಲ್ಲಿ ಅದೇ ಮಾತು ನಿಂತಿತು. ಟೆಡ್ ಕೂಡ ಚಹಾ ಕುದ್ದರೆ "ಆತು" ಎನ್ನುತ್ತಿದ್ದ.

ಶೆಡ್ಡಿನ ಕಿಟಕಿ

ಜೀಪಿನ ಪಾಟಾ ಸರಿಮಾಡಿಸಲು ಜೂಡಿ ಪಟ್ಟಣಕ್ಕೆ ಹೋದವಳು ಬಿಡಿಭಾಗ ಬಾರದೆ ಅಲ್ಲೇ ಸಿಕ್ಕಿಬಿದ್ದಳು. ಕಪ್ಪೆಗಳು ನನ್ನ ಜವಾಬ್ದಾರಿಗೆ ಬಂದವು. ಬರೆಯುವ ಮೇಜು ಇದ್ದದ್ದು ತಗಡಿನ ಶೆಡ್ಡಿನಲ್ಲಿ. ನೆಗೆತದ ಗುರುತುಗಳನ್ನೆಲ್ಲ ಅಲ್ಲೇ ಕೂತು ಅಳೆಯಬೇಕು. ಮಧ್ಯಾಹ್ನ ಆ ತಗಡಿನ ಕೆಳಗೆ ಕೂತರೆ ತಲೆ ಹಂಚಿನ ಮೇಲಿನ ಶೇಂಗಾದಂತಾಗುತ್ತಿತ್ತು.

ಮುಂದಿನದನ್ನು ಮಾಡಿದ್ದು ಪ್ರಾಣಿಶಾಸ್ತ್ರ ಓದಿದ ತಲೆಯಲ್ಲ, ಬೆಟಗೇರಿಯ ಕೈ. ಅವ್ವನ ಸೀರೆಯನ್ನು ಬಕೀಟಿನಲ್ಲಿ ಅದ್ದಿ, ಹಿಂಡದೆ, ಮೇಜಿನ ಮೇಲಿನ ಕಿಟಕಿಗೆ ಕಟ್ಟಿದೆ. ಗಾಳಿ ತಂಪಾಗಿ ಬಂತು. ಮನೆಯಲ್ಲೇ ಕೂತ ಹಾಗಾಗಿ ಕಣ್ಣು ತುಂಬಿತು ಕೂಡ. ಮರುದಿನವೂ ಕಟ್ಟಿದೆ, ಜೂಡಿ ಬರುವ ತನಕ ದಿನಾ ಕಟ್ಟಿದೆ. ಸಂಜೆ ಬಿಚ್ಚಿ ಹಗ್ಗಕ್ಕೆ ಹಾಕುತ್ತಿದ್ದೆ. ಉಷ್ಣಮಾಪಕ ಇದ್ದದ್ದು ಶೆಡ್ಡಿನ ಹೊರಗೋಡೆಗೆ. ಅದು ತನ್ನ ಪಾಡಿಗೆ ಉರಿಬಿಸಿಲು ತೋರಿಸುತ್ತಿತ್ತು. ನಾನು ತಪ್ಪದೆ ಬರೆದುಕೊಳ್ಳುತ್ತಿದ್ದೆ. ಕಪ್ಪೆಯ ತೊಟ್ಟಿಗಳು ಅದೇ ಕಿಟಕಿಯ ಕೆಳಗಿದ್ದವು ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಜೂಡಿ ಮರಳಿ ಬಂದ ಮೇಲೆ ಶೆಡ್ಡಿನ ಕಪ್ಪೆಗಳಲ್ಲಿ ಅರ್ಧವನ್ನು ಪರೀಕ್ಷೆಗೆ ಇಳಿಸಿದೆವು. ನೆಲಮನೆಯ ತಂಪಿನ ಕಪ್ಪೆಗಳು ಸೋತ ಗೆರೆಯನ್ನು ಆಗಲೇ ಪರೀಕ್ಷಿಸಿ ಉಷ್ಣಮಾಪಕದ ಮೇಲೆ ಗುರುತು ಹಾಕಿಕೊಂಡಿದ್ದೆವು. ಶೆಡ್ಡಿನವು ಅದನ್ನು ದಾಟಬೇಕಿತ್ತು. ದಾಟಲಿಲ್ಲ. ಒಂದಾದ ಮೇಲೊಂದು ಅದೇ ಗೆರೆಯ ಹತ್ತಿರ ಅಂಗಾತ ಉಳಿದವು, ನಾನು ಒಂದಾದ ಮೇಲೊಂದು "ಆತು" ಎನ್ನುತ್ತ ಹೋದೆ. ಒಮ್ಮೆ ಕಾವು ತೋರಿಸಿದ ಕಪ್ಪೆಯನ್ನು ಮತ್ತೆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಜೂಡಿ ಬಕೀಟು ಬೋರಲು ಹಾಕಿ ಅದರ ಮೇಲೆ ಕೂತಳು.

"ಪ್ರೊಫೆಸರ್ ಅಂದದ್ದ ಖರೆ. ಹುಟ್ಟಿದಾಗ ಎಷ್ಟೋ ಅಷ್ಟ" ಎಂದಳು.

ಆಗ ಟೆಡ್ ಒಳಗೆ ಬಂದು ಕಿಟಕಿ ನೋಡಿದ. "ಇವತ್ತ ಪರದಿ ಕಟ್ಟಲಿಲ್ಲೇನ್ರಿ? ನೀರು ತುಂಬಿ ಇಟ್ಟೇನಿ."

ಜೂಡಿ ನನ್ನನ್ನು ನೋಡಿದಳು. ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಸೀರೆ, ನೂಲು, ಕಿಟಕಿ, ತಂಪು, ಎಲ್ಲ ಹೇಳಿದೆ. ಕಪ್ಪೆಗಳಿಗೆ ಬೇಕಿದ್ದ ಕಾವನ್ನು ನಾನೇ ಕಿಟಕಿಯಲ್ಲಿ ತಡೆದಿದ್ದೆ.

ಅವಳು ಕೂಗಾಡಿದ್ದರೆ ಸುಖವಾಗುತ್ತಿತ್ತು. ಎದ್ದು ಹೋಗಿ ಹಗ್ಗದ ಮೇಲಿನ ಸೀರೆಯ ಸೆರಗು ಹಿಡಿದು ನೋಡಿದಳು.

"ಇದರ ನೀರು ತೊಟ್ಟಿಗೆ ತಟತಟ ಬಿದ್ದಿರಬೇಕಲ್ಲ?"

"ಬಿದ್ದಿರಬೇಕು."

"ಕಪ್ಪಿ ಬಾಯಿಲೆ ನೀರು ಕುಡಿಯೂದಿಲ್ಲ, ಮೈಯಿಲೆ ಕುಡಿಯತಾವು. ತಂಪಿನಿಂದ ಹಿಂಗಾಗಿದ್ರ ಮತ್ತ ಕಾವಿನಾಗ ಇಟ್ಟು ನೋಡಬಹುದು. ಈ ಬಣ್ಣ ಮೈಯಾಗ ಇಳದು ವಿಷ ಆಗಿದ್ರ ಉಳದ ಕಪ್ಪಿನೂ ಹೋದಂಗ. ನನ್ನ ಕೆಲಸಾನೂ."

"ನಮ್ಮ ಬಣ್ಣ ಬಿಡೂದಿಲ್ಲ" ಎಂದೆ. ಅಪರಾಧಿಯ ಸ್ಥಾನದಲ್ಲಿ ನಿಂತೂ ನನಗೆ ಸಿಟ್ಟು ಬಂದಿತ್ತು.

"ನೋಡೇ ಬಿಡೂಣು."

ಸೀರೆ ಅದ್ದಿ, ಟೆಡ್‌ನ ಬಿಳಿ ತಟ್ಟೆಯ ಮೇಲೆ ಹಿಂಡಿದೆವು. ನೀರು ತೆಳುಗೆಂಪಾಗಿ ಇಳಿಯಿತು. ಟೆಡ್ ತನ್ನ ಬಿಳಿ ಅಂಗಿಯ ತೋಳನ್ನೂ ಅದ್ದಿ ಹಿಂಡಿದ. ಆ ನೀರೂ ಕೆಂಪೇ. ಆ ದೇಶದ ಧೂಳೇ ಕೆಂಪು, ಹಗ್ಗದ ಮೇಲಿನ ಯಾವ ಬಟ್ಟೆ ಹಿಂಡಿದರೂ ಕುಂಕುಮದ ನೀರು. ಸಾಕ್ಷಿ ಹೇಳಲು ಉಳಿದದ್ದು ಕಪ್ಪೆಗಳು ಮಾತ್ರ.

ಉಳಿದ ಅರ್ಧ

ಉಳಿದ ಕಪ್ಪೆಗಳನ್ನು ತೊಳೆದು, ಹೊಸ ತೊಟ್ಟಿಗೆ ಹಾಕಿ, ಅದೇ ಶೆಡ್ಡಿನಲ್ಲಿಟ್ಟೆವು. ಉಷ್ಣಮಾಪಕ ಈಗ ಒಳಗೆ ಬಂತು. ಬೇಸಿಗೆಯ ಕೊನೆಗೆ ಕೆಲಸ ನೋಡಲು ಪ್ರೊಫೆಸರರು ಬರುವವರಿದ್ದರು; ಅದಕ್ಕೆ ಎರಡು ವಾರವಿತ್ತು, ಅಷ್ಟೇ ಸಮಯ ಬೇಕಾಗಿತ್ತು. ನಾನು ಮೇಜು ಬಿಡಲಿಲ್ಲ. ಪರದೆಯಿಲ್ಲದ ಕಿಟಕಿಯ ಕೆಳಗೆ, ಕಪ್ಪೆಗಳ ಜೊತೆಗೇ ಬೆಂದೆ. ಹೊರಗೆ ಬಂದು ಕೂಡಲು ಜೂಡಿ ಹೇಳಿದಳು. ನಾನು ಕೇಳಲಿಲ್ಲ. ಹಟದಲ್ಲಿ ನಾವು ಬೆಟಗೇರಿಯವರು ಮಗ್ಗದ ಲಾಳಿಯ ಹಾಗೆ, ಹೋದ ದಾರಿಯಲ್ಲೇ ಹೋಗುತ್ತೇವೆ.

ನನ್ನ ಚಿಂತೆ ಎರಡಾಗಿತ್ತು. ಜೂಡಿ ಮೊಳೆ ಮಾರುವುದು ಒಂದು. ಬಾಗಿಲಲ್ಲಿ ನಿಂತು ಹೆಸರು ಪಣಕ್ಕಿಟ್ಟ ಹುಸೇನಸಾಬನದು ಇನ್ನೊಂದು. ಇದನ್ನು ಟೆಡ್‌ಗೆ ಹೇಳಿದೆ.

"ಚಿಂತಿ ಬ್ಯಾಡ" ಎಂದ. ಕೈಯಲ್ಲಿದ್ದ ಆಲೂಗಡ್ಡೆ ಸುಲಿದು ಮುಗಿಸಿ, "ಖರೆ ಹೇಳಬೇಕಂದ್ರ, ನನಗೂ ಚಿಂತಿ ಆಗೇತಿ" ಎಂದ.

ಪ್ರೊಫೆಸರರು ಬಂದರು. ಎತ್ತರದ, ತಣ್ಣಗಿನ ಮನುಷ್ಯ. ಸೀರೆಯ ಕಥೆ ಕೇಳಿ ನಗಲಿಲ್ಲ, ಬೈಯಲೂ ಇಲ್ಲ. "ಮಾಡ್ರಿ, ನೋಡೋಣ" ಎಂದು ಮೂಲೆಯ ಸ್ಟೂಲಿನ ಮೇಲೆ ಕೂತರು.

ಮೊದಲ ಕಪ್ಪೆ ಹಳೆಯ ಗೆರೆಗಿಂತ ಮೊದಲೇ ಸೋತಿತು. "ಆತು" ಎನ್ನುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಜೂಡಿ ಬರೆದುಕೊಂಡಳು. ಆ ಒಂದು ಕಪ್ಪೆ ಯಾಕೆ ಅಷ್ಟು ಬೇಗ ಸೋತಿತೆಂದು ಇವತ್ತಿಗೂ ಗೊತ್ತಿಲ್ಲ.

ಎರಡನೆಯದು ಗೆರೆ ಮುಟ್ಟಿತು. ಕಡ್ಡಿಯಿಂದ ಅಂಗಾತ ಮಾಡಿದೆ. ಹೊರಳಿ ಎದ್ದಿತು. ಕಾವು ಏರಿತು. ಮತ್ತೆ ಅಂಗಾತ ಮಾಡಿದೆ. ಎದ್ದಿತು. ಜೂಡಿ ಉಷ್ಣಮಾಪಕ ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಗಿಹಿಡಿದು ಕಪ್ಪೆ ನೋಡುತ್ತಿದ್ದೆ. ಮತ್ತೊಮ್ಮೆ ಅಂಗಾತ ಮಾಡಿದೆ. ಒಂದು ಕಾಲು ಗಾಳಿಯಲ್ಲಿ ತಡವರಿಸಿತು, ಹೊಟ್ಟೆ ಬಿಗಿಯಿತು, ಆಮೇಲೆ ಧಡಕ್ಕನೆ ಹೊರಳಿ ನಮ್ಮ ಮೂವರನ್ನೂ ನೋಡುತ್ತ ಕೂತಿತು. ಪ್ರೊಫೆಸರರು ಸ್ಟೂಲಿನಿಂದ ಎದ್ದು ಬಂದಿದ್ದರು. ಇನ್ನಷ್ಟು ಮೇಲೆ ಹೋಗಿ ಅದು ಕೊನೆಗೂ ಸೋತಾಗ "ಆತು!" ಎಂದದ್ದು ನಾನಲ್ಲ, ಜೂಡಿ. ಅಂದು ಉಳಿದ ಕಪ್ಪೆಗಳೆಲ್ಲ ಗೆರೆ ದಾಟಿದವು. ಕೊನೆಯದನ್ನು ತಣ್ಣೀರಿಗೆ ಬಿಟ್ಟ ಮೇಲೆ ಜೂಡಿ ಹೊರಗೆ ಹೋಗಿ ಅತ್ತಳು. ನಾನು ಒಳಗೇ ಅತ್ತೆ, ಬೆವರಿನಲ್ಲಿ ಗೊತ್ತಾಗಲಿಲ್ಲ.

ಪ್ರೊಫೆಸರರು ಒಪ್ಪಿದರು ಎನ್ನಲಾರೆ. ಇಷ್ಟೇ ಕಪ್ಪೆಯಿಂದ ಏನೂ ಹೇಳಲು ಬರುವುದಿಲ್ಲ ಎಂದರು. ಆದರೆ ಇನ್ನೊಂದು ಬೇಸಿಗೆ ಕೊಟ್ಟರು, ಜೂಡಿ ಕೇಳಿದ್ದೂ ಅಷ್ಟೇ.

ಹೊರಡುವ ದಿನ ಅವಳು ಸಂಕೋಚದಿಂದ ಆ ಸೀರೆ ಕೇಳಿದಳು. "ಮುಂದಿನ ಸಲ ಒಂದು ಶೆಡ್ಡಿಗೆ ಪರದಿ ಕಟ್ಟತೀನಿ, ಒಂದಕ್ಕ ಕಟ್ಟೂದಿಲ್ಲ. ತಪ್ಪಿ ಮಾಡಿದ್ದನ್ನ ಈಗ ತಿಳದು ಮಾಡೂದು."

ಅವ್ವನ ಸೀರೆಯನ್ನು ಹೀಗೆ ಬಿಟ್ಟುಬರುವುದು ಸುಲಭವಿರಲಿಲ್ಲ. ಮಡಚಿ ಕೊಟ್ಟೆ.

ಮತ್ತೆ ಬೆಟಗೇರಿ

ನಾನು ಮನೆ ಮುಟ್ಟಿದಾಗ ಶಿವರಾತ್ರಿ ಮುಗಿದು ಬಿಸಿಲು ಏರುತ್ತಿತ್ತು. ಅವ್ವ ಕುಣಿಯಲ್ಲಿ ಕೂತಿದ್ದಳು. ಕಿಟಕಿಗೆ ಎಂದಿನಂತೆ ಹಳೆಯ ಹಸಿ ಸೀರೆ. ಬಂದವಳೇ ಅದರ ಕೆಳಗೆ ಕೂತುಬಿಟ್ಟೆ. ಹುಸೇನಸಾಬ ಬಣ್ಣದ ನೂಲಿನ ಲಡಿಗಳನ್ನು ಕೊಡಲು ಬಂದವನು, ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತ.

ಪೆಟ್ಟಿಗೆ ಬಿಚ್ಚುವಾಗ ಅವ್ವನ ಕಣ್ಣು ಅದರ ಮೇಲೇ ಇತ್ತು. "ಕೆಂಪ ಸೀರಿ ಎಲ್ಲಿ?"

"ಕಪ್ಪಿಗೆ ಕೊಟ್ಟು ಬಂದೆ ಅವ್ವಾ."

ಲಾಳಿ ನಿಂತಿತು. ನಾನು ಎಲ್ಲ ಹೇಳಿದೆ, ಕಿಟಕಿ, ತೊಟ್ಟಿ, ಬಿಳಿ ತಟ್ಟೆ, ಜೂಡಿಯ ಮೂರನೆಯ ಬೇಸಿಗೆ, ಹೊರಳಿ ಎದ್ದ ಕಪ್ಪೆ. ಎಷ್ಟು ದಿನ ನೇಯ್ದದ್ದು, ಯಾಕೆ ಕೊಟ್ಟೆ ಎಂದು ಕೇಳುತ್ತಾಳೆ ಎಂದು ಕಾದೆ. ಅವಳು ಅದನ್ನು ಕೇಳಲಿಲ್ಲ. ಹೊಸ್ತಿಲಲ್ಲಿ ನಿಂತ ಹುಸೇನಸಾಬನನ್ನು ಒಮ್ಮೆ ನೋಡಿದಳು.

"ದಿನಾ ತೋಯಿಸಿ ಬಿಸಲಿಗೆ ಹಾಕೀದಿ ಅಂತೀ. ಬಣ್ಣ ಬಿಡ್ತೇನ?"

"ಇಲ್ಲವ್ವಾ. ಬಿಟ್ಟಿದ್ರ ಕಪ್ಪಿ ಏಳತಿದ್ದಿಲ್ಲ."

ಹುಸೇನಸಾಬ ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡ. ಅವ್ವ ಲಾಳಿ ಎತ್ತಿಕೊಂಡಳು.

"ಹಂಗಾರ ಆತು" ಎಂದಳು.